ಇಲ್ಲ, ನಾನು ಓಡೋದು ಬಿಟ್ಟಿಲ್ಲ

ಈ ವರ್ಷ ನನಗೆ ಅತಿ ಹೆಚ್ಚು ಸಲ ಬಿದ್ದ ಪ್ರಶ್ನೆ ಒಂದೇ. "ಎಂತ ಮೇಡಂ, ಓಡುದು ಬಿಟ್ರಾ?" ಹಾಲಿನ ಬೂತಿನವರು ಕೇಳಿದ್ದಾರೆ, ಆಫೀಸಿನವರು ಕೇಳಿದ್ದಾರೆ, ಮಣಿಪಾಲದ ಎಂಡ್ ಪಾಯಿಂಟ್ ಪಾರ್ಕಿಗೆ ವಾಕಿಂಗ್ ಬರುವ ರಿಟೈರ್ಡ್ ಮೇಷ್ಟ್ರುಗಳು ಸರದಿ ಪ್ರಕಾರ ಕೇಳಿದ್ದಾರೆ. ಕೆಲವರು ಸ್ಕೂಟರ್ ನಿಧಾನ ಮಾಡಿ ಕೇಳಿ, ಉತ್ತರಕ್ಕೆ ಕಾಯದೆ ಹೋಗಿದ್ದಾರೆ. ಡಿಸೆಂಬರ್ ಬಂತು. ಒಂದೇ ಸಲ ಬರೆದು ಮುಗಿಸುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಬಿಟ್ಟಿಲ್ಲ. ಕಡಿದಾದ ಏರು ಬಂದರೆ ನಡೆಯುತ್ತೇನೆ, ಅಷ್ಟೇ. ನಿಮ್ಮ ಕಣ್ಣಿಗೆ ನಾನು ಬೀಳುವುದು ಮಣಿಪಾಲದ ಏರಿನಲ್ಲಿ. ಓಡುವುದು ಗುಡ್ಡೆಯ ಆಚೆ, ಹೊಳೆ ಕಡೆಗೆ ಇಳಿಯುವ ಕಾಲುದಾರಿಯಲ್ಲಿ, ಗೇರುಮರಗಳ ನಡುವೆ. ಅಲ್ಲಿಗೆ ನಿಮ್ಮ ಸ್ಕೂಟರ್ ಬರಲ್ಲ. ತಪ್ಪು ನನ್ನದಾ?

ತಮಾಷೆ ಏನೆಂದರೆ, ನಾನು ಓಡಲು ಶುರು ಮಾಡಿದಾಗ ಇದೇ ಜನ "ಯಾಕೆ ಓಡುದು? ನಾಯಿ ಬೆನ್ನು ಹತ್ತಿದೆಯಾ?" ಅಂತ ನಗುತ್ತಿದ್ದರು. ಈಗ ನಡೆದರೆ ಅವರಿಗೇ ಬೇಜಾರು.

ಪ್ರಶ್ನೆ ಕೇಳುವುದಕ್ಕಿಂತ ಜಾಸ್ತಿ ಸಿಟ್ಟು ಬರಿಸುವುದು ಕೇಳುವಾಗಿನ ಆ ಅನುಕಂಪ. ಕಳೆದ ತಿಂಗಳು ನೆಂಟರ ಮದುವೆ ಊಟಕ್ಕೆ ಕೂತಿದ್ದೆವು. ಎದುರು ಪಂಕ್ತಿಯಿಂದ ಸೋದರಮಾವ ದೊಡ್ಡ ದನಿಯಲ್ಲಿ, "ಓಡುದು ಬಿಟ್ಟಿಯಂತೆ, ಹೌದಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಎಲೆಯವರು "ಗಂಟು ನೋವಾ?" ಅಂದರು. ಅವರ ಪಕ್ಕದವರಿಗೆ ಒಂದು ಒಳ್ಳೆ ತೈಲ ಗೊತ್ತಿತ್ತು. ಗುಳ್ಳದ ಕೊದ್ದೆಲ್ ಬಂದಾಗ ನನ್ನ ಬಲ ಮೊಣಕಾಲು ಸವೆದಿತ್ತು. ಪಾಯಸ ಬರುವಾಗ ಎಡದ್ದೂ ಹೋಗಿತ್ತು. ಮಜ್ಜಿಗೆ ಹೊತ್ತಿಗೆ ಆಪರೇಷನ್ನಿಗೆ ಮಂಗಳೂರು ಒಳ್ಳೆಯದಾ ಮಣಿಪಾಲ ಒಳ್ಳೆಯದಾ ಎಂಬಲ್ಲಿಗೆ ಚರ್ಚೆ ಬಂದು ನಿಂತಿತ್ತು. ಇಷ್ಟೂ ಹೊತ್ತು ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಊಟ ಮುಗಿಸಿ ಕೈ ಊರದೆ ಎದ್ದೆ. ಗೋಡೆ ಹಿಡಿದು ಎದ್ದದ್ದು ತೈಲದವರು.

ಸರಿ, ಯಾಕೆ ನಡೆಯುತ್ತೇನೆ ಅಂತ ಹೇಳಿಬಿಡುತ್ತೇನೆ. ಏರು ಕಡಿದಾದಷ್ಟೂ ಓಡುವವರ ವೇಗ ಇಳಿಯುತ್ತಾ ಬಂದು ನಡೆಯುವವರ ವೇಗಕ್ಕೇ ಸಮ ಆಗುತ್ತದೆ. ಆ ನಿಧಾನ ವೇಗದಲ್ಲಿ ಓಡುವುದಕ್ಕಿಂತ ನಡೆಯುವುದಕ್ಕೆ ಖರ್ಚಾಗುವ ಶಕ್ತಿ ಕಡಿಮೆ. ಮುಟ್ಟುವ ಹೊತ್ತು ಒಂದೇ, ಆದರೆ ಮೇಲೆ ಹೋದ ಮೇಲೆ ಓಡಲು ನಡೆದವರಲ್ಲಿ ಕಸುವು ಉಳಿದಿರುತ್ತದೆ. ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಸುತ್ತ ಯುಟಿಎಂಬಿ ಅಂತ ಒಂದು ಓಟ ಇದೆ. ಸುಮಾರು 170 ಕಿಲೋಮೀಟರ್, ಒಟ್ಟು ಏರು ಸುಮಾರು 10,000 ಮೀಟರ್. ಅಲ್ಲಿ ಗೆಲ್ಲುವವರೂ ಕಡಿದಾದ ಏರಿನಲ್ಲಿ ತೊಡೆಗೆ ಕೈ ಒತ್ತಿ ಅಥವಾ ಕೋಲು ಊರಿ ನಡೆಯುತ್ತಾರೆ. ಅಮೆರಿಕದ ಕೋರ್ಟ್ನಿ ಡೌವಾಲ್ಟರ್ 2023ರ ಒಂದೇ ಬೇಸಗೆಯಲ್ಲಿ ವೆಸ್ಟರ್ನ್ ಸ್ಟೇಟ್ಸ್, ಹಾರ್ಡ್‌ರಾಕ್, ಯುಟಿಎಂಬಿ ಎಂಬ ಮೂರು ಬೆಟ್ಟದ ಓಟಗಳಲ್ಲೂ ಮಹಿಳೆಯರಲ್ಲಿ ಮೊದಲು ಬಂದರು. ಅವರ ಊರಲ್ಲಿ ಯಾರೂ ಅವರಿಗೆ ತೈಲ ಸೂಚಿಸಿರಲಿಕ್ಕಿಲ್ಲ.

"ಅವರದ್ದು ಬಿಡಿ, ನಮ್ಮ ಕಡೆಯದ್ದು ಹೇಳಿ" ಅನ್ನುವವರಿಗೆ ಕಂಬಳದ ಉದಾಹರಣೆ ಇದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶ ಬೋಲ್ಟ್ ಬೋಲ್ಟ್ ಅಂತ ಕುಣಿಯಿತು. ಟ್ರ್ಯಾಕಿಗೆ ಬನ್ನಿ ಅಂತ ಕರೆಯೂ ಬಂತು. ಅವರು ಶಾಂತವಾಗಿ ಅದು ಬೇರೆ, ಇದು ಬೇರೆ ಅಂದರು. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿಗೆ. ರಸ್ತೆ ಓಟಕ್ಕೂ ಗುಡ್ಡೆ ಓಟಕ್ಕೂ ಅಷ್ಟೇ ದೂರ. ಅವರು ಹೇಳಿದರೆ ತಲೆದೂಗುತ್ತೀರಿ, ನಾನು ಹೇಳಿದರೆ ಗಂಟು ನೋವು.

ವರ್ಷದಲ್ಲಿ ಬೇರೆ ಏನು ಬದಲಾಯಿತು ಅಂತಲೂ ಕೆಲವರು ಕೇಳುತ್ತಾರೆ, ಅವರು ಸ್ವಲ್ಪ ವಾಸಿ. ವಾರದ ಹೆಚ್ಚಿನ ಓಟ ಈಗ ನಿಧಾನ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ನಿಧಾನ. ದೊಡ್ಡ ದೊಡ್ಡ ಓಟಗಾರರ ತರಬೇತಿಯನ್ನು ಗಮನಿಸಿದ ಸ್ಟೀಫನ್ ಸೈಲರ್ ಎಂಬ ವಿಜ್ಞಾನಿ, ಅವರ ತರಬೇತಿಯಲ್ಲಿ ನೂರಕ್ಕೆ ಸುಮಾರು 80 ಪಾಲು ಇಂಥ ಸುಲಭದ್ದೇ ಇರುತ್ತದೆ ಅಂತ ತೋರಿಸಿದ್ದಾರೆ. ಉಳಿದದ್ದು ನಿಜಕ್ಕೂ ಕಷ್ಟದ್ದು. ವಾಚಿನಲ್ಲಿ ವೇಗ ನೋಡುವುದನ್ನೂ ನಿಲ್ಲಿಸಿದ್ದೇನೆ. ನಮ್ಮ ಕರಾವಳಿಯಲ್ಲಿ ಅದಕ್ಕೆ ಅರ್ಥ ಇಲ್ಲ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಇಲ್ಲಿನ ತೇವದ ಗಾಳಿಗೆ ಅದು ಆರದೆ ಸುಮ್ನೆ ಸುರಿಯುತ್ತದೆ. ಏಪ್ರಿಲ್ ಬೆಳಿಗ್ಗೆ ಅದೇ ದಾರಿ, ಅದೇ ವೇಗ, ಎದೆಬಡಿತ ಮಾತ್ರ ಎಲ್ಲೋ. ಬೆಂಗಳೂರಿನ ಗೆಳತಿ "ಪೇಸ್ ಎಷ್ಟು ಮಾರಾಯ್ತಿ?" ಅಂತ ಕೇಳಿದರೆ, ಮೇ ತಿಂಗಳಲ್ಲಿ ಬಂದು ಓಡಿ ನೋಡು ಅನ್ನುತ್ತೇನೆ.

ಖಾಲಿ ಹೊಟ್ಟೆಯಲ್ಲಿ ಓಡುವುದಿಲ್ಲ. ಕುಚ್ಚಲಕ್ಕಿ ಗಂಜಿ ತಿಳಿ, ಉಪ್ಪು, ಜೊತೆಗೆ ಒಂದು ತುಂಡು ಉಪ್ಪಿನಕಾಯಿ. ಅಂಗಡಿಯಲ್ಲಿ ಬಣ್ಣದ ಪ್ಯಾಕೆಟ್ಟಿನಲ್ಲಿ ಮಾರುವುದೂ ಹೆಚ್ಚುಕಡಿಮೆ ಇದನ್ನೇ, ನೀರಿಗೆ ಉಪ್ಪು ಮತ್ತು ಪಿಷ್ಟವೋ ಸಕ್ಕರೆಯೋ. ರಾತ್ರಿ ಬೇಗ ಮಲಗುತ್ತೇನೆ. ರಾತ್ರಿಯಿಡೀ ಆಡದೆ ಬೇಗ ಮುಗಿಸುವ ಕಾಲಮಿತಿ ಯಕ್ಷಗಾನ ಬಂದದ್ದು ನನ್ನಂಥವರ ಪುಣ್ಯ. ಹಳಬರು ಬೈದರೆ ಬೈಯಲಿ.

ಈಗ ನನ್ನ ದೂರು. ಇಷ್ಟು ಜನರಲ್ಲಿ ಒಬ್ಬರಾದರೂ "ಇಳಿಯುವುದು ಹೇಗೆ?" ಅಂತ ಕೇಳಬಾರದಾ? ಏರುವುದು ಎಲ್ಲರಿಗೂ ಕಾಣುತ್ತದೆ, ಏದುಸಿರು ಕೇಳುತ್ತದೆ. ಈ ವರ್ಷ ನಾನು ನಿಜವಾಗಿ ಕಲಿತದ್ದು ಇಳಿಯುವುದನ್ನು. ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ, ಕೇಳುವವರಿಲ್ಲ.

ಕುಮಾರ ಪರ್ವತವನ್ನೇ ತೆಗೆದುಕೊಳ್ಳಿ. 1712 ಮೀಟರ್. ಕುಕ್ಕೆಯಿಂದ ಹೋಗಿ ಬರುವವರು ಸುಮಾರು ಒಂದೂವರೆ ಸಾವಿರ ಮೀಟರ್ ಇಳಿಯಬೇಕು. ದಾರಿಯಲ್ಲಿ ಸಿಗುವ ಶೇಷಪರ್ವತದ ಮೋಡದ ಫೋಟೋ ಎಲ್ಲರೂ ಹಾಕುತ್ತಾರೆ. ಇಳಿಯುವಾಗ ನಡುದಾರಿಯ ಭಟ್ಟರ ಮನೆ ದಾಟಿ ಕಾಡಿನ ದಾರಿಯಲ್ಲಿ, ಬೇರು ಕಲ್ಲುಗಳ ನಡುವೆ, ತೊಡೆ ಗಡಗಡ ನಡುಗುತ್ತಾ ಮರ ಹಿಡಿದು ನಿಂತ ಫೋಟೋ ಯಾರೂ ಹಾಕಲ್ಲ.

ಆ ನಡುಕ ಯಾಕೆ? ಏರುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಮೈಭಾರ ತಡೆಯಬೇಕು. ತುಂಬಿದ ಕೊಡಪಾನವನ್ನು ಬಾವಿಗೆ ಮತ್ತೆ ಇಳಿಸಿ ನೋಡಿ, ಹಗ್ಗ ಬಿಡುತ್ತಲೂ ಇರಬೇಕು, ಹಿಡಿದೂ ಇರಬೇಕು. ಈ ಕೆಲಸದಲ್ಲಿ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ. ಆವತ್ತು ಏನೂ ಅನಿಸುವುದಿಲ್ಲ. ಮಾರನೇ ದಿನ, ಅದರ ಮರುದಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ಒಳ್ಳೆಯ ಸುದ್ದಿಯೂ ಇದೆ. ಒಮ್ಮೆ ಹೀಗೆ ಪೆಟ್ಟು ತಿಂದ ಸ್ನಾಯು ರಿಪೇರಿ ಆದ ಮೇಲೆ ಕೆಲವು ವಾರ ಅದೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಹಾಗಾಗಿ ಆಗಾಗ ಸ್ವಲ್ಪ ಸ್ವಲ್ಪ ಇಳಿಯುತ್ತಾ ಇರಬೇಕು, ದೊಡ್ಡ ಬೆಟ್ಟಕ್ಕೆ ಹೋಗುವ ಹಿಂದಿನ ವಾರ ಮಾತ್ರ ಸುಮ್ಮನಿರಬೇಕು.

ಮನೆಯಲ್ಲೂ ಮಾಡಬಹುದು. ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ನಿಧಾನ ಕೆಳಗಿನ ಮೆಟ್ಟಿಲಿಗೆ ಮುಟ್ಟಿಸಿ, ಊರದೆ ಮತ್ತೆ ಏಳುವುದು. ನಾನಿದನ್ನು ಜಗಲಿ ಮೆಟ್ಟಿಲಲ್ಲಿ ಮಾಡುತ್ತಿದ್ದಾಗ ಅತ್ತೆ ಎರಡು ದಿನ ನೋಡಿದರು. ಮೂರನೇ ದಿನ ತಡೆಯಲಾರದೆ, "ಇಳಿಯುದಾದ್ರೆ ಇಳಿ, ಹತ್ತುದಾದ್ರೆ ಹತ್ತು, ನನಗೆ ತುಳಸಿಗೆ ನೀರು ಹಾಕ್ಲಿಕ್ಕುಂಟು" ಅಂದರು.

ಇಳಿಜಾರಿನಲ್ಲಿ ಹೆದರಿಕೆಗೆ ಮೈಯನ್ನು ಹಿಂದಕ್ಕೆ ಎಳೆದರೆ ಕೆಟ್ಟಿತು. ಹಿಮ್ಮಡಿ ಮುಂದೆ ಊರಿ ಬ್ರೇಕ್ ಹಾಕಿದ ಹಾಗಾಗಿ ಏಟೆಲ್ಲ ಮೊಣಕಾಲಿಗೆ. ಮೈ ಇಳಿಜಾರಿನ ಜೊತೆ ಸ್ವಲ್ಪ ಮುಂದಕ್ಕಿರಬೇಕು. ಹೆಜ್ಜೆ ಚಿಕ್ಕದು, ಬೇಗ ಬೇಗ. ಕಣ್ಣು ಪಾದದ ಮೇಲಲ್ಲ, ಮುಂದೆ ಕಾಲಿಡುವ ಮೂರ್ನಾಲ್ಕು ಜಾಗದ ಮೇಲೆ. ಕೈ ಅಗಲ ಬಿಟ್ಟಿರಲಿ. ನೋಡಿದವರಿಗೆ ಕೋಳಿ ಓಡಿಸಲು ಹೊರಟವಳ ಹಾಗೆ ಕಾಣಬಹುದು, ಕಾಣಲಿ.

ಇದೆಲ್ಲ ಒಣ ನೆಲದ ಮಾತು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನಮ್ಮ ಉಡುಪಿ ಜಿಲ್ಲೆಯಲ್ಲಿ ಜೂನ್‌ನಿಂದ ಮುರಕಲ್ಲಿನ ಮೇಲೆ ಪಾಚಿ ಕೂರುತ್ತದೆ. ಅದರ ಮೇಲೆ ಎಷ್ಟು ದುಬಾರಿ ಶೂ ಇದ್ದರೂ ಒಂದೇ. ಆಗ ನಾನು ಇಳಿಜಾರಿನಲ್ಲೂ ನಡೆಯುತ್ತೇನೆ. ಹಳೇ ಕಲ್ಲುಕೋರೆಗಳ ಹತ್ತಿರವಂತೂ ಹೋಗುವುದೇ ಇಲ್ಲ, ನೀರು ತುಂಬಿದರೆ ಆಳ ಗೊತ್ತಾಗಲ್ಲ. ಮಳೆಗಾಲದಲ್ಲಿ ನನ್ನನ್ನು ಕಂಡು ಓಡುದು ಬಿಟ್ರಾ ಅಂದವರಿಗೆ ಹೌದು ಅಂದದ್ದೂ ಇದೆ. ಯಾರಿಗೆ ಬೇಕು ಮಳೆಯಲ್ಲಿ ನಿಂತು ಪಾಚಿಯ ವಿವರಣೆ?

ಕೊನೆಗೆ ಒಂದು ಉಪಯೋಗದ ಮಾತು. ಇಳಿಯುವ ಮೊದಲು ಬೆಟ್ಟದ ತುದಿಯಲ್ಲಿ ಕೂತು ಶೂ ಲೇಸನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿ, ಹಿಮ್ಮಡಿ ಹಿಂದಕ್ಕೆ ಕೂರಬೇಕು. ಹಿಂದಿನ ದಿನವೇ ಕಾಲುಗುರು ಕತ್ತರಿಸಿ. ಇಲ್ಲದಿದ್ದರೆ ಬೆರಳು ಶೂ ತುದಿಗೆ ಬಡಿದು ಬಡಿದು ಉಗುರು ಕಪ್ಪಾಗುತ್ತದೆ, ಆಮೇಲೆ ಬಿದ್ದೂ ಹೋಗುತ್ತದೆ. ಇಷ್ಟೆಲ್ಲ ಮಾಡಿಯೂ ಒಂದೋ ಎರಡೋ ಕಪ್ಪಾಗುವುದು ಇದ್ದದ್ದೇ. ಮದುವೆ ಸೀಸನ್ನಿಗೆ ಅದನ್ನು ಮುಚ್ಚಲು ನೇರಳೆ ಹಣ್ಣಿನ ಬಣ್ಣದ ನೈಲ್ ಪಾಲಿಶ್ ಬೇಕು, ತಿಳಿ ಬಣ್ಣ ಹಚ್ಚಿದರೆ ಒಳಗಿನ ಕಪ್ಪು ಕಾಣುತ್ತದೆ. ಎರಡು ಕೋಟ್ ಹಾಕಿ.