‘ಮಹಾನಾಯಕ’ದಲ್ಲಿ ಎಷ್ಟು ಇತಿಹಾಸ, ವಾರಕ್ಕೆ ಎಷ್ಟು ಕಂತು

2020ರ ಜುಲೈಯಲ್ಲಿ ಜೀ ಕನ್ನಡ ವಾಹಿನಿಯು ಡಾ. ಬಿ.ಆರ್. ಅಂಬೇಡ್ಕರ್ ಅವರ ಜೀವನವನ್ನು ಆಧರಿಸಿದ ‘ಮಹಾನಾಯಕ’ ಧಾರಾವಾಹಿಯನ್ನು ವಾರಾಂತ್ಯದ ಸಂಜೆಗಳಲ್ಲಿ ಪ್ರಸಾರ ಮಾಡಲು ಆರಂಭಿಸಿತು. ಅದು ಕನ್ನಡದಲ್ಲೇ ತಯಾರಾದದ್ದಲ್ಲ. 2019ರ ಡಿಸೆಂಬರ್‌ನಿಂದ ಆ್ಯಂಡ್ ಟಿವಿಯಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಧಾರಾವಾಹಿಯ ಡಬ್ಬಿಂಗ್ ರೂಪ. ಲಾಕ್‌ಡೌನಿನಿಂದ ಚಿತ್ರೀಕರಣ ನಿಂತು, ವಾಹಿನಿಗಳ ಬಳಿ ಹೊಸ ಕಂತುಗಳೇ ಇಲ್ಲದಂತಾಗಿದ್ದ ದಿನಗಳವು. ದಶಕಗಳ ಕಾಲ ಡಬ್ಬಿಂಗನ್ನು ಹೊಸ್ತಿಲ ಹೊರಗೇ ನಿಲ್ಲಿಸಿದ್ದ ಕನ್ನಡ ಕಿರುತೆರೆ, ಆ ಬಿಕ್ಕಟ್ಟಿನಲ್ಲಿ ಡಬ್ ಆದ ಪೌರಾಣಿಕ ಧಾರಾವಾಹಿಗಳ ಜೊತೆಗೆ ಇದನ್ನೂ ಒಳಗೆ ಬಿಟ್ಟುಕೊಂಡಿತು. ಆಮೇಲೆ ನಡೆದದ್ದನ್ನು ಬಹುಶಃ ಯಾರೂ ಊಹಿಸಿರಲಿಲ್ಲ. ಊರೂರುಗಳಲ್ಲಿ ಯುವಕರು ತಾವೇ ಹಣ ಹಾಕಿ ಧಾರಾವಾಹಿಯ ಫ್ಲೆಕ್ಸ್‌ಗಳನ್ನು ಕಟ್ಟಿದರು. ಸಿನಿಮಾ ನಾಯಕರ ಕಟೌಟುಗಳಿಗೆ ಮೀಸಲಾಗಿದ್ದ ವೃತ್ತಗಳಲ್ಲಿ ಪುಟ್ಟ ಭೀಮರಾವ್‌ನ ಮುಖ ಕಾಣಿಸಿಕೊಂಡಿತು.

ಈ ಧಾರಾವಾಹಿಯ ಬಗ್ಗೆ ನನ್ನ ಸುತ್ತಲಿನ ವೀಕ್ಷಕರು ಆಡಿದ ಮಾತುಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿದ್ದವು. ತೆರೆಯ ಮೇಲೆ ಕಂಡದ್ದರಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಎಂಬುದು ಒಂದು. ಹಿಂದಿಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬರುವುದನ್ನು ಕನ್ನಡದಲ್ಲಿ ಶನಿವಾರ, ಭಾನುವಾರಕ್ಕೆ ಮಾತ್ರ ಏಕೆ ಸೀಮಿತಗೊಳಿಸಿದ್ದಾರೆ ಎಂಬುದು ಇನ್ನೊಂದು. ಬಹಳ ಜನ ಇವನ್ನು ಬೇರೆ ಬೇರೆ ವಿಷಯಗಳೆಂದೇ ತಿಳಿದಿದ್ದರು. ಎರಡೂ ಒಂದೇ ಬೇರಿನಿಂದ ಬಂದವು ಎಂಬುದು ನನ್ನ ಅಭಿಪ್ರಾಯ.

ಇತಿಹಾಸದ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಧಾರಾವಾಹಿಯಲ್ಲಿ ತಾಯಿ ಭೀಮಾಬಾಯಿಯ ಪಾತ್ರ ಬಹುಕಾಲ ಉಳಿಯುತ್ತದೆ. ಶಾಲೆಗೆ ಹೋಗುವ, ಎದುರು ಮಾತಾಡುವಷ್ಟು ಬೆಳೆದ ಹುಡುಗನಿಗೆ ಧೈರ್ಯ ಹೇಳುವವಳು ಅವಳೇ. ಚರಿತ್ರೆಯಲ್ಲಾದರೋ, 1891ರ ಏಪ್ರಿಲ್ 14ರಂದು ಮಹೂದಲ್ಲಿ ಹುಟ್ಟಿದ ಮಗುವಿಗೆ ಸುಮಾರು ಐದು ವರ್ಷವಾಗಿದ್ದಾಗಲೇ ಸಾತಾರಾದಲ್ಲಿ ತಾಯಿ ತೀರಿಕೊಂಡರು. ಆಮೇಲೆ ಮಕ್ಕಳನ್ನು ಸಾಕಿದವರು ಸೋದರತ್ತೆ ಮೀರಾಬಾಯಿ. 1900ರ ನವೆಂಬರ್ 7ರಂದು ಭೀಮರಾವ್ ಸಾತಾರಾದ ಸರ್ಕಾರಿ ಹೈಸ್ಕೂಲಿಗೆ ಸೇರಿದಾಗ ಅವರು ತಾಯಿಯಿಲ್ಲದ ಹುಡುಗ. ತಾಯಿಯ ಪಾತ್ರವನ್ನು ಮುಂದುವರಿಸಿದ್ದನ್ನು ನಾನು ದೊಡ್ಡ ಅಪರಾಧವೆಂದು ಎಣಿಸುವುದಿಲ್ಲ; ಆ ಪಾತ್ರವನ್ನು ನೋಡಿ ಅತ್ತ ಹೆಂಗಸರನ್ನು ನಾನು ಬಲ್ಲೆ. ಆದರೆ ಮೀರಾಬಾಯಿಗೆ ಸಲ್ಲಬೇಕಾದದ್ದು ಇದರಿಂದ ಸಲ್ಲದೆ ಹೋಯಿತು ಎಂಬುದಂತೂ ನಿಜ. ಮಗುವೊಂದನ್ನು ಉಳಿಸಿ ಬೆಳೆಸಿದ ಹೆಂಗಸಿಗೆ ಕಥೆಯಲ್ಲಿ ಜಾಗ ಕಡಿಮೆಯಾಗುವುದು ಸಣ್ಣ ವಿಷಯವಲ್ಲ.

ಹೆಸರಿನ ಪ್ರಸಂಗ ಬೇರೆ ಬಗೆಯದು. ಪೂರ್ವಜರ ಊರಾದ ಅಂಬಡವೆಯಿಂದ ಬಂದ ಕುಟುಂಬದ ಹೆಸರನ್ನು ಶಾಲೆಯ ಬ್ರಾಹ್ಮಣ ಶಿಕ್ಷಕರೊಬ್ಬರು ತಮ್ಮ ಹೆಸರಿಗೆ ಬದಲಾಯಿಸಿದರು ಎಂಬುದು ಬಹಳ ಪ್ರಚಲಿತವಾದ ನಿರೂಪಣೆ. ಅದನ್ನು ಒಪ್ಪದೆ ವಾದಿಸುವವರೂ ಇದ್ದಾರೆ. ಇಂಥ ಕಡೆ ಧಾರಾವಾಹಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಲೇಬೇಕು, ಅದಕ್ಕಾಗಿ ಅದನ್ನು ದೂರುವುದು ನ್ಯಾಯವಲ್ಲ.

ನನ್ನ ತಕರಾರು ಇರುವುದು ಖಳನಾಯಕರ ವಿಷಯದಲ್ಲಿ. ಊರಿನ ಸಿರಿವಂತನೊಬ್ಬ ಮೀಸೆ ತಿರುವುತ್ತಾ ಬಾಲಕ ಭೀಮನ ವಿರುದ್ಧ ಒಂದಾದ ಮೇಲೊಂದು ಸಂಚು ಹೂಡುವುದು, ಬಾಲಕ ದೊಡ್ಡವರೆಲ್ಲರ ಮುಂದೆ ನಿರರ್ಗಳವಾಗಿ ವಾದಿಸಿ ಅವನ ಬಾಯಿ ಮುಚ್ಚಿಸುವುದು, ಮರುವಾರ ಅವನೇ ಇನ್ನೊಂದು ಸಂಚಿನೊಡನೆ ಮರಳುವುದು, ಇದು ಆ ಧಾರಾವಾಹಿಯ ಬಾಲ್ಯಭಾಗದ ನಡೆ. ಇದನ್ನು ಅಂಬೇಡ್ಕರ್ ತಮ್ಮ ಬಾಲ್ಯದ ಬಗ್ಗೆ ತಾವೇ ಬರೆದಿಟ್ಟ ನೆನಪುಗಳ ಪಕ್ಕದಲ್ಲಿಟ್ಟು ನೋಡಬೇಕು. 1901ರಲ್ಲಿ ತಂದೆ ರಾಮಜಿ ಸಕ್ಪಾಲ್ ಕೋರೆಗಾಂವ್‌ನಲ್ಲಿ, ಬರಗಾಲದ ಪರಿಹಾರಕ್ಕೆಂದು ಸರ್ಕಾರ ತೋಡಿಸುತ್ತಿದ್ದ ಕೆರೆಯ ಕಾಮಗಾರಿಯಲ್ಲಿ ಕ್ಯಾಷಿಯರ್ ಆಗಿದ್ದರು. ಬೇಸಿಗೆ ರಜೆಗೆ ಅಪ್ಪನ ಬಳಿಗೆ ಹೋಗಲು ಮಕ್ಕಳು ಸಾತಾರಾದಿಂದ ರೈಲು ಹತ್ತಿದರು: ಹೊಸ ಅಂಗಿ, ಹೊಸ ಬೂಟು, ಮಿರುಗುವ ಟೋಪಿ, ರೇಷ್ಮೆ ಅಂಚಿನ ಪಂಚೆ. ಬರುತ್ತೇವೆಂದು ತಿಳಿಸಿ ಬರೆದಿದ್ದ ಕಾಗದವನ್ನು ಜವಾನ ತಂದೆಯ ಕೈಗೆ ಕೊಡಲು ಮರೆತಿದ್ದ. ಮಸೂರ್ ನಿಲ್ದಾಣದಲ್ಲಿ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರು ಹತ್ತಿರ ಬಂದು ಅಕ್ಕರೆಯಿಂದಲೇ ವಿಚಾರಿಸಿದರು. ಉಡುಪನ್ನು ನೋಡಿದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ನೀವು ಯಾರು ಎಂದು ಕೇಳಿದಾಗ ಭೀಮ ಮುಂದುವರಿದು ಯೋಚಿಸದೆ, ಮಹಾರರು ಎಂದುಬಿಟ್ಟ. ಆಗ ಅಸ್ಪೃಶ್ಯರೆಂದು ದೂರ ಇಡುತ್ತಿದ್ದ ಜಾತಿ ಅದು. ಮಾಸ್ತರರ ಮುಖಚಹರೆಯೇ ಬದಲಾಯಿತು. ಅವರು ತಮ್ಮ ಕೋಣೆಗೆ ಹೊರಟುಹೋದರು.

ಎತ್ತಿನ ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆಯುವುದು, ಗಾಡಿಯವನು ಜೊತೆಯಲ್ಲಿ ನಡೆದು ಬರುವುದು ಎಂದು ಮಾತಾಯಿತು. ಬುತ್ತಿ ಇತ್ತು, ನೀರಿರಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ, ಮುಸಲ್ಮಾನರೆಂದು ಹೇಳಿಕೊಂಡರೆ ನೀರು ಸಿಕ್ಕೀತೆಂದು ಗಾಡಿಯವನು ಹೇಳಿಕೊಟ್ಟದ್ದನ್ನು ನಂಬಿ ಹುಡುಗ ಉರ್ದುವಿನಲ್ಲೇ ಕೇಳಿದ. ಆದರೂ ನೀರು ಸಿಗಲಿಲ್ಲ. ನೀರಿಲ್ಲದ ಕಾರಣಕ್ಕೆ ಬುತ್ತಿಯನ್ನೂ ಉಣ್ಣದೆ ಮಕ್ಕಳು ಮಲಗಿದರು.

ಈ ಪ್ರಸಂಗದಲ್ಲಿ ಖಳ ಯಾರು? ಸ್ಟೇಷನ್ ಮಾಸ್ತರು ಆ ಮಕ್ಕಳಿಗೆ ಕೇಡು ಬಗೆದವರಲ್ಲ, ಗಾಡಿಯವನು ಸಂಚುಗಾರನಲ್ಲ, ಸುಂಕದವನಿಗೆ ಆ ಮಕ್ಕಳ ಹೆಸರೂ ಗೊತ್ತಿಲ್ಲ. ಎಲ್ಲರೂ ತಮ್ಮ ಪಾಲಿಗೆ ಸಹಜವಾದದ್ದನ್ನು ಮಾಡಿದರು, ಅಷ್ಟೇ. ಶಾಲೆಯ ನೆನಪುಗಳೂ ಹಾಗೆಯೇ ಇವೆ. ತರಗತಿಯಲ್ಲಿ ಪ್ರತ್ಯೇಕವಾಗಿ ಕುಳಿತುಕೊಳ್ಳಲು ಹುಡುಗ ಮನೆಯಿಂದಲೇ ಗೋಣಿತಟ್ಟು ಒಯ್ಯಬೇಕು, ಸಂಜೆ ಅದನ್ನು ಮನೆಗೆ ಹೊತ್ತು ತರಬೇಕು, ಏಕೆಂದರೆ ಶಾಲೆಯ ಆಳು ಅದನ್ನು ಮುಟ್ಟುವುದಿಲ್ಲ. ನಲ್ಲಿಯನ್ನು ಜವಾನ ತಿರುಗಿಸಿದರೆ ನೀರುಂಟು, ಜವಾನ ಬಾರದ ದಿನ ನೀರಿಲ್ಲ. ಕ್ಷೌರಿಕ ಕ್ಷೌರ ಮಾಡುವುದಿಲ್ಲವಾದ್ದರಿಂದ ಅಕ್ಕನೇ ತಮ್ಮಂದಿರ ತಲೆಗೂದಲು ತೆಗೆಯುತ್ತಿದ್ದಳು. ಮುಂದೆ ಮುಂಬೈಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ, ಲೆಕ್ಕ ಬಿಡಿಸಲು ಭೀಮರಾವ್‌ನನ್ನು ಕರೆದಾಗ, ಕಪ್ಪು ಹಲಗೆಯ ಹಿಂದೆ ಬುತ್ತಿ ಇಟ್ಟಿದ್ದ ಸಹಪಾಠಿಗಳು ಅವನ್ನು ಎತ್ತಿಕೊಳ್ಳಲು ಓಡಿದರು ಎಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಇಂಥದ್ದನ್ನೆಲ್ಲ ಒಬ್ಬ ಮೀಸೆಯ ಸಿರಿವಂತನ ದುಷ್ಟತನಕ್ಕೆ ಇಳಿಸಿಬಿಟ್ಟರೆ, ನೋಡುವವನು ಅವನನ್ನು ಬೈದು, ತಾನು ಹಾಗಲ್ಲ ಎಂದುಕೊಂಡು ಟಿ.ವಿ. ಆರಿಸಿ ಎದ್ದುಹೋಗುತ್ತಾನೆ. ಇಸವಿ, ತಾರೀಖುಗಳ ತಪ್ಪುಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಇದು.

ಪ್ರಸಾರದ ವೇಳೆಯ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ವಾರಕ್ಕೆ ಐದು ದಿನ ಬರಬೇಕಾದ ಧಾರಾವಾಹಿಗೆ ದಿನಕ್ಕೊಂದು ಜಗಳ, ಶುಕ್ರವಾರಕ್ಕೊಂದು ದೊಡ್ಡ ತಿರುವು ಬೇಕೇ ಬೇಕು. ಅಂಬೇಡ್ಕರ್ ಬರೆದ ಬಾಲ್ಯದ ನೆನಪುಗಳು ಕೆಲವೇ ಪುಟಗಳು. ಆ ಕೆಲವು ಪುಟಗಳನ್ನು ನೂರಾರು ಕಂತುಗಳಿಗೆ ಹಿಗ್ಗಿಸಬೇಕಾದಾಗ ಸಂಚುಗಾರನೊಬ್ಬನನ್ನು ಸೃಷ್ಟಿಸದೆ ಬರಹಗಾರರಿಗೆ ಬೇರೆ ದಾರಿ ಇರುವುದಿಲ್ಲ. ಆದ್ದರಿಂದ, ಕನ್ನಡದಲ್ಲೂ ಪ್ರತಿದಿನ ಪ್ರಸಾರವಾಗಲಿ ಎಂದು ಕೇಳುತ್ತಿದ್ದವರ ಜೊತೆ ನಾನು ದನಿಗೂಡಿಸಲಿಲ್ಲ. ಅವರ ಕಾರಣಗಳು ಹಗುರವಾದವಲ್ಲ ಎಂಬುದನ್ನು ಒಪ್ಪುತ್ತೇನೆ. ಉಳಿದ ಕೌಟುಂಬಿಕ ಧಾರಾವಾಹಿಗಳಿಗೆ ವಾರವಿಡೀ ಜಾಗವಿರುವಾಗ ಬಾಬಾಸಾಹೇಬರ ಕಥೆಗೆ ಮಾತ್ರ ವಾರದ ಕೊನೆ ಏಕೆ ಎಂಬ ಮಾತಿನಲ್ಲಿ ನೋವಿದೆ. ಶನಿವಾರವೂ ಕೂಲಿಗೆ ಹೋಗಿ ಬರುವವರಿಗೆ ಸಂಜೆಯ ಕಂತು ತಪ್ಪಿಹೋಗುತ್ತದೆ, ಕರೆಂಟು ಹೋದರಂತೂ ಮುಗಿದೇಹೋಯಿತು. ಮೊಬೈಲಿನಲ್ಲಿ ನೋಡಿಕೊಳ್ಳಿ ಎನ್ನುವುದು ಡೇಟಾಕ್ಕೆ ದುಡ್ಡಿರುವವರ ಮಾತು. ಇದಕ್ಕೆಲ್ಲ ಮರುಪ್ರಸಾರ ತಕ್ಕ ಪರಿಹಾರವೆಂದು ನನಗೆ ತೋರುತ್ತದೆ: ಎರಡೂ ಕಂತುಗಳನ್ನು ಇನ್ನೊಂದು ಹೊತ್ತಿನಲ್ಲಿ, ನಿಗದಿತ ಸಮಯಕ್ಕೆ, ತಪ್ಪದೆ ಮತ್ತೆ ತೋರಿಸುವುದು. ವಾರಾಂತ್ಯದ ಪ್ರಸಾರಕ್ಕೆ ತನ್ನದೇ ಆದ ಲಾಭವೂ ಇತ್ತು. ವಾರವಿಡೀ ಕಾದು, ಒಂದೇ ಮನೆಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿ ನೋಡಿ, ನೋಡಿದ್ದರ ಬಗ್ಗೆ ಮುಂದಿನ ಶನಿವಾರದವರೆಗೆ ಮಾತಾಡುವುದಕ್ಕೆ ಬಿಡುವು ಸಿಗುತ್ತಿತ್ತು. ಈ ಚರ್ಚೆಗಳು ಹುಟ್ಟಿದ್ದೂ ಆ ಬಿಡುವಿನಲ್ಲೇ.

ಆದರೆ ಚರ್ಚೆ ಸಲೀಸಾಗಿರಲಿಲ್ಲ. ಪ್ರಸಾರ ಶುರುವಾಗಿ ಕೆಲವೇ ತಿಂಗಳಲ್ಲಿ, ಧಾರಾವಾಹಿಯನ್ನು ನಿಲ್ಲಿಸುವಂತೆ ತಮಗೆ ಬೆದರಿಕೆ ಕರೆಗಳು ಬರುತ್ತಿವೆ ಎಂದು ವಾಹಿನಿಯ ಮುಖ್ಯಸ್ಥರು ಬಹಿರಂಗವಾಗಿ ಹೇಳಬೇಕಾಯಿತು. ಆಗ ಅಸಂಖ್ಯಾತ ವೀಕ್ಷಕರು ಅದರ ಬೆನ್ನಿಗೆ ನಿಂತರು, ನಿಲ್ಲಬೇಕಾದದ್ದೇ. ಆ ಬಳಿಕ ಇಸವಿಯ ಬಗ್ಗೆ ಒಂದು ಮಾತೆತ್ತಿದರೂ, ನೀನು ಯಾರ ಕಡೆಯವನು ಎಂಬ ಪ್ರಶ್ನೆ ಎದುರಾಗತೊಡಗಿತು. ಬೆದರಿಕೆಯ ನೆರಳಿನಲ್ಲಿ ನೋಡುತ್ತಿದ್ದವರಿಗೆ ಹಾಗೆನ್ನಿಸಿದ್ದರಲ್ಲಿ ತಪ್ಪಿಲ್ಲ. ಆದರೂ ತಮ್ಮ ಪ್ರತಿಯೊಂದು ವಾದಕ್ಕೂ ದಾಖಲೆ ಹುಡುಕಿ ಮುಂದಿಟ್ಟ ಮನುಷ್ಯನ ಜೀವನವನ್ನು ದಾಖಲೆಯ ಪ್ರಕಾರ ತೋರಿಸಿ ಎಂದು ಕೇಳುವವರು ಅವರ ಅಭಿಮಾನಿಗಳೇ ಆಗಿರಬೇಕು. ಅವರ ಬರಹಗಳು ಮತ್ತು ಭಾಷಣಗಳು ಸಂಪುಟಗಳಾಗಿ ಕನ್ನಡದಲ್ಲಿ ಬಂದಿವೆ. ಹೋಲಿಸಿ ನೋಡಲು ಯಾರಿಗೂ ಅಡ್ಡಿಯಿಲ್ಲ.

ಡಬ್ಬಿಂಗಿನಲ್ಲಿ ಬಂದದ್ದನ್ನು ತಿದ್ದಲು ಕನ್ನಡ ವಾಹಿನಿಗೆ ಸಾಧ್ಯವಿರಲಿಲ್ಲ ಎಂಬುದು ನನಗೆ ಗೊತ್ತು. ಕಂತಿನ ಆರಂಭದಲ್ಲಿ, ಇಂದಿನ ಕಥೆಯಲ್ಲಿ ಇಷ್ಟು ದಾಖಲೆಯಲ್ಲಿದೆ, ಉಳಿದದ್ದು ಕಲ್ಪನೆ ಎಂದು ಎರಡು ಸಾಲು ಹಾಕುವುದಂತೂ ಸಾಧ್ಯವಿತ್ತು. ಮುಂದೆ ಯಾರಾದರೂ ಕನ್ನಡದಲ್ಲೇ ಈ ಕಥೆಯನ್ನು ಹೊಸದಾಗಿ ತೆಗೆಯುವುದಾದರೆ, ವಾರಕ್ಕೊಂದೇ ಗಂಟೆ, ಅದೂ ಭಾನುವಾರ ಸಂಜೆ, ಒಟ್ಟು ಐವತ್ತು ಕಂತು ಸಾಕು. ಮಹಾಡದ ಪ್ರಸಂಗ ಒಂದಕ್ಕೇ ನಾಲ್ಕು ಕಂತು ಕೊಡಬಹುದು. 1923ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ, ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದೆಂಬ ಎಸ್.ಕೆ. ಬೋಲೆ ಅವರ ನಿರ್ಣಯ ಅಂಗೀಕಾರವಾಗುತ್ತದೆ. ಮಹಾಡದ ಪುರಸಭೆಯೂ ಕೆರೆ ಎಲ್ಲರಿಗೂ ಮುಕ್ತವೆಂದು ಕಾಗದದ ಮೇಲೆ ಒಪ್ಪುತ್ತದೆ. 1927ರ ಮಾರ್ಚ್ 20ರಂದು ಸಾವಿರಾರು ಜನ ಹೋಗಿ ಚವದಾರ್ ಕೆರೆಯ ನೀರು ಮುಟ್ಟುತ್ತಾರೆ. ಆಮೇಲೆ ಹಲ್ಲೆ, ಕೆರೆಯ ಶುದ್ಧೀಕರಣ, ಕೋರ್ಟಿನ ತಡೆಯಾಜ್ಞೆ. ಹೈಕೋರ್ಟಿನ ಅಂತಿಮ ತೀರ್ಪು ಬರುವ ಹೊತ್ತಿಗೆ 1937. ಇದರಲ್ಲಿ ಒಂದು ಪಾತ್ರವನ್ನೂ ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಕರ್ನಾಟಕದ ನೆಲದ ಕಥೆಯೂ ಅದರಲ್ಲಿ ಸೇರಲಿ. 1925ರಲ್ಲಿ ಅಂಬೇಡ್ಕರ್ ಅಸ್ಪೃಶ್ಯರ ಸಮ್ಮೇಳನದ ಅಧ್ಯಕ್ಷರಾಗಿ ಮಾತಾಡಿದ ನಿಪ್ಪಾಣಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ, ಅಲ್ಲಿ ಚಿತ್ರೀಕರಣಕ್ಕೆ ಸೆಟ್ ಹಾಕುವ ಅಗತ್ಯವೂ ಇಲ್ಲ.