ಬ್ಯಾಂಕ್ ಸಾಲಕ್ಕೂ ಮೊದಲು ಸಂಘದ ಲೆಕ್ಕ

ಹೊಸದಾಗಿ ಸ್ವಸಹಾಯ ಸಂಘ ಕಟ್ಟಿದ ಹೆಂಗಸರು ಮೊದಲು ಕೇಳುವುದು "ಬ್ಯಾಂಕಿನವರು ಎಷ್ಟು ಕೊಡ್ತಾರೆ?" ಅಂತ. ಕೇಳುವುದು ಸಹಜವೇ. ಆದರೆ ಕೂಲಿಯಿಂದ ಬದುಕುವ ಮನೆಗೆ ದುಡ್ಡಿನ ಮೇಲೆ ಹಿಡಿತ ಸಿಗುವುದು ಬ್ಯಾಂಕ್ ಸಾಲಕ್ಕೂ ಮುಂಚಿನ ಆರು ತಿಂಗಳಲ್ಲಿ, ತಮ್ಮದೇ ಉಳಿತಾಯ ತಮ್ಮೊಳಗೆ ತಿರುಗುವಾಗ. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಕಟ್ಟಿದ ಗುಂಪುಗಳಲ್ಲೂ, ಸಂಘಗಳಿಗೆ ಬ್ಯಾಂಕ್ ಸಾಲ ಸಿಗಲೆಂದು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ 1992ರಲ್ಲಿ ಶುರುಮಾಡಿದ ಬ್ಯಾಂಕ್ ಜೋಡಣೆಯಲ್ಲೂ ಇದೇ ಕ್ರಮ: ಮೊದಲು ಉಳಿತಾಯ, ಆಮೇಲೆ ಸಾಲ.

ಹನ್ನೆರಡು ಜನರ ಸಂಘ ವಾರಕ್ಕೆ ತಲಾ 50 ರೂಪಾಯಿ ಕಟ್ಟಿದರೆ 26 ವಾರಕ್ಕೆ 15,600 ಆಗುತ್ತದೆ. ಅದನ್ನು ಖಾತೆಯಲ್ಲೇ ಕೂಡಿಟ್ಟರೆ ಸಂಘ ಏನನ್ನೂ ಕಲಿಯುವುದಿಲ್ಲ. ನಾಲ್ಕೈದನೇ ವಾರದಿಂದಲೇ ಸಣ್ಣ ಸಾಲ ಕೊಡಲು ಶುರುಮಾಡಿ. ಆಸ್ಪತ್ರೆಗೆ ಸಾವಿರ, ಶಾಲೆ ಫೀಸಿಗೆ ಎರಡು ಸಾವಿರ, ಅಷ್ಟು ಸಾಕು. ನೂರಕ್ಕೆ ಐದರಂತೆ ಹೊರಗೆ ತರುತ್ತಿದ್ದ ಕೈಸಾಲ ನಿಲ್ಲುವುದೇ ಮೊದಲ ಆದಾಯ.

ಬಡ್ಡಿಯ ಲೆಕ್ಕದಲ್ಲೇ ಹೆಚ್ಚಿನ ಸಂಘಗಳು ಎಡವುತ್ತವೆ. 12,000 ಸಾಲ, ತಿಂಗಳಿಗೆ ನೂರಕ್ಕೆ ಎರಡು, ಹನ್ನೆರಡು ಕಂತು ಎಂದಿಟ್ಟುಕೊಳ್ಳಿ. ಬಾಕಿ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳು 240, ಕೊನೆಯ ತಿಂಗಳು 20, ಒಟ್ಟು 1,560. ಪ್ರತಿ ತಿಂಗಳೂ ಪೂರ್ತಿ 12,000ದ ಮೇಲೆ ಹಾಕಿದರೆ 2,880. ದರ ಒಂದೇ, ಕಟ್ಟುವ ಬಡ್ಡಿ ಹತ್ತಿರ ಹತ್ತಿರ ಎರಡು ಪಟ್ಟು. ಸುಲಭ ಅಂತ ಎರಡನೆಯ ರೀತಿಯಲ್ಲಿ ಬರೆಯುವವರು ಬಹಳ. ಅದು ತಪ್ಪು, ತಿದ್ದಲೇಬೇಕು. ಸಾಲದ ಪುಸ್ತಕದಲ್ಲಿ ಅಸಲು, ಬಡ್ಡಿ, ಬಾಕಿ ಮೂರಕ್ಕೂ ಬೇರೆ ಬೇರೆ ಕಾಲಂ ಇರಲಿ. ಬಡ್ಡಿಗೆ ಮೊದಲು ಜಮಾ, ಉಳಿದದ್ದು ಅಸಲಿಗೆ. ಸಭೆ ಏಳುವ ಮುನ್ನ ಆ ದಿನದ ಜಮಾ, ಖರ್ಚು, ಕೈಯಲ್ಲಿರುವ ನಗದು ಇಷ್ಟನ್ನೂ ಗಟ್ಟಿಯಾಗಿ ಓದಬೇಕು. ಓದಲು ಬಾರದ ಸದಸ್ಯೆಗೂ ತನ್ನ ಬಾಕಿ ಎಷ್ಟೆಂದು ಬಾಯಿಪಾಠ ಇರಬೇಕು. ಸಂಘದ ಲೆಕ್ಕ ಬರೆಯುವ ಬುಕ್ ರೈಟರ್ ಮನೆಗೆ ಒಯ್ದು ಬರೆದದ್ದನ್ನು ಯಾರೂ ಪ್ರಶ್ನಿಸಲಾಗುವುದಿಲ್ಲ. ಜಗಳಗಳು ಹುಟ್ಟುವುದು ಅಲ್ಲಿಂದಲೇ.

ಆರು ತಿಂಗಳು ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಐದೂ ಸರಿಯಾಗಿ ನಡೆದರೆ ಬ್ಯಾಂಕಿಗೆ ಹೋಗಿ. ಸರ್ಕಾರದ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿಯ ಸಂಘಗಳಿಗೆ ಮೊದಲ ಸಾಲ ಮೂಲನಿಧಿಯ ಆರು ಪಟ್ಟು ಅಥವಾ 1.5 ಲಕ್ಷ, ಯಾವುದು ಹೆಚ್ಚೋ ಅದು. ಉಳಿತಾಯ, ಬಂದ ಬಡ್ಡಿ, ಯೋಜನೆಯಿಂದ ಬಂದ ಸುತ್ತುನಿಧಿ ಎಲ್ಲ ಸೇರಿದ್ದೇ ಮೂಲನಿಧಿ. 10 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ, ಉಳಿತಾಯ ಖಾತೆಯನ್ನು ತಡೆಹಿಡಿಯುವಂತಿಲ್ಲ, ಠೇವಣಿ ಇಡಿ ಎನ್ನುವಂತಿಲ್ಲ. ಒಬ್ಬಿಬ್ಬರ ಸ್ವಂತ ಸಾಲ ಸುಸ್ತಿಯಾಗಿದೆ ಎಂಬ ಕಾರಣಕ್ಕೆ ಇಡೀ ಸಂಘಕ್ಕೆ ಸಾಲ ನಿಲ್ಲಿಸುವುದೂ ಸಾಮಾನ್ಯವಾಗಿ ಸಲ್ಲದು. ಇವು ರಿಸರ್ವ್ ಬ್ಯಾಂಕಿನ ಸೂಚನೆಗಳು. ಕೌಂಟರಿನಲ್ಲಿ ಹೆದರದೆ ಹೇಳಿ.

ದುಡ್ಡು ಬಂದ ದಿನವೇ ದೊಡ್ಡ ಅಪಾಯ. 1.5 ಲಕ್ಷವನ್ನು ಹನ್ನೆರಡು ಜನಕ್ಕೆ 12,500ರಂತೆ ಸಮ ಹಂಚುವುದು ನ್ಯಾಯವಾಗಿ ಕಾಣುತ್ತದೆ, ಆದರೆ ಹಸು ಕೊಳ್ಳುವವಳಿಗೆ ಅದು ಸಾಲದು, ಬೇಡದವಳಿಗೆ ಖರ್ಚಾಗಿ ಹೋಗುತ್ತದೆ. ಬೇಡದವಳ ಹೆಸರಿನಲ್ಲಿ ಇನ್ನೊಬ್ಬಳು ಎತ್ತಿಕೊಂಡರೆ ಇನ್ನೂ ಕೆಟ್ಟದ್ದು. ಯಾರಿಗೆ, ಯಾತಕ್ಕೆ, ಎಷ್ಟು ಎಂದು ಸಭೆಯಲ್ಲೇ ತೀರ್ಮಾನಿಸಿ ನಡಾವಳಿಯಲ್ಲಿ ಬರೆಯಿರಿ. ಕೇಳುವವಳ ಮೈಕ್ರೋಫೈನಾನ್ಸ್ ಕಂತುಗಳನ್ನೂ ಕೂಡಿಸಿ ನೋಡಿ. ಮನೆಯ ತಿಂಗಳ ಆದಾಯದ ಅರ್ಧವನ್ನು ಕಂತುಗಳೇ ನುಂಗುತ್ತಿದ್ದರೆ ಹೊಸ ಸಾಲ ಆಕೆಯನ್ನು ಮುಳುಗಿಸುತ್ತದೆ.

ಪಾಸ್‌ಬುಕ್ ಒಬ್ಬರ ಮನೆಯಲ್ಲೇ ವರ್ಷಗಟ್ಟಲೆ ಇರಬಾರದು, ಖಾಲಿ ವಿತ್‌ಡ್ರಾವಲ್ ಚೀಟಿಗೆ ಯಾರೂ ಸಹಿ ಹಾಕಬಾರದು. ಸಹಿ ಮಾಡುವ ಪ್ರತಿನಿಧಿಗಳನ್ನು ಸರದಿಯಂತೆ ಬದಲಿಸಿ, ಬದಲಾದ ಕೂಡಲೇ ನಿರ್ಣಯದ ಪ್ರತಿಯನ್ನು ಬ್ಯಾಂಕಿಗೆ ಕೊಡಿ. ಇಲ್ಲವಾದರೆ ಖಾತೆ ಹಳಬರ ಕೈಯಲ್ಲೇ ಉಳಿದುಬಿಡುತ್ತದೆ.