ಲಕ್ಷದ್ವೀಪಕ್ಕೆ ಹೊರಟೋರು ಗೋವಾದಲ್ಲಿ

ಅಕ್ಕ ಭಾವ ಮುಂಬೈಯಿಂದ ಕ್ರೂಸ್‌ನಲ್ಲಿ ಲಕ್ಷದ್ವೀಪಕ್ಕೆ ಅಂತ ಹೊರಟಿದ್ರು, ವರ್ಷದಿಂದ ಮನೇಲಿ ಅದೇ ಮಾತು, ಈಗ ನೋಡಿದ್ರೆ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಹಡಗು ಆ ಕಡೆ ಹೋಗೋದೇ ಇಲ್ವಂತೆ, ಗೋವಾಕ್ಕೆ ಬಂದು ನಿಂತಿದೆ. ಸ್ವಿಮ್ಮಿಂಗ್ ಪೂಲ್‌ಗೆ ಬಲೆ ಕಟ್ಟಿ ಬಂದ್ ಮಾಡಿದಾರೆ, ವಿಡಿಯೋ ಕಾಲ್‌ನಲ್ಲಿ ತೋರ್ಸಿದ್ಲು, ಒಳಗಿನ ನೀರೇ ಆ ಗೋಡೆಯಿಂದ ಈ ಗೋಡೆಗೆ ಹೊಡೀತಿತ್ತು. ಭಾವ ಹಾಸಿಗೆ ಬಿಟ್ಟು ಎದ್ದಿಲ್ಲ. ಆಯಿ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಪಕ್ಕದ ಕ್ಯಾಬಿನ್‌ನವರೂ ಇಸ್ಕೊಂಡು ಖಾಲಿ ಮಾಡಿದ್ರಂತೆ, ಹೊಟ್ಟೆ ತೊಳೆಸಿದಾಗ ಅದೇ ಬೇಕು ಅಂತ!

ಇಲ್ಲಿ ಕಾರವಾರ ಬಂದರಲ್ಲೂ ಬಿರುಗಾಳಿ ಎಚ್ಚರಿಕೆಯ ಮೂರನೇ ನಂಬರ್ ಸಿಗ್ನಲ್ ಏರ್ಸಿದಾರೆ, ಬೈತಖೋಲ್ ಮೀನುಗಾರಿಕೆ ಬಂದರಲ್ಲಿ ಬೋಟಿಗೆ ಬೋಟು ತಾಗ್ಕೊಂಡು ನಿಂತಿದೆ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಬಂದಾಗ್ಲೂ ಹೀಗೇ ಆಗಿತ್ತು. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ಬ್ಯಾನ್ ಮುಗ್ದು ಈಗಷ್ಟೇ ನಾಲ್ಕು ಕಾಸು ನೋಡೋ ಟೈಮು, ಬೋಟಿನವರು ಡೀಸೆಲ್ ಸಾಲದ ಲೆಕ್ಕ ಹಾಕ್ತಾ ಕೂತಿದಾರೆ, ಇವರಿಗೆ ರೀಫಂಡ್ ಕೊಡೋರ್ಯಾರು ಅನ್ನಿಸ್ತು. ಅಕ್ಕನ ಹತ್ರ ಅದನ್ನೇ ಹೇಳಿದೆ. 'ಭಾಷಣ ಸಾಕು ತಮಾ, ಕಾರ್ ತಗಂಡು ಬಾ, ನಂಗ ಇಲ್ಲೇ ಇಳಿತ್ಯ' ಅಂದ್ಲು.